ಹುತ್ತರಿಗೆ ರಜೆ ಸಿಕ್ಕಿತೆ?

ಮಡಿಕೇರಿಯ ದಸರಾ ನಾಡಿಗೆಲ್ಲ ಗೊತ್ತು. ಆದರೆ ಕೊಡಗಿನ ಮನೆಮನೆಯ ಹಬ್ಬಗಳು ಬೇರೆ, ಅವು ಮೂರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲು ಮುಹೂರ್ತ, ಅಕ್ಟೋಬರ್ ನಡುವಿನಲ್ಲಿ ಕಾವೇರಿ ಸಂಕ್ರಮಣ, ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಹುಣ್ಣಿಮೆಯ ಸುತ್ತ ಹುತ್ತರಿ. ಈ ಮೂರು ತಿಂಗಳು ಕೊಡಗಿನ ಮನೆಗಳಲ್ಲಿ ಒಂದು ಪ್ರಶ್ನೆ ಓಡಾಡುತ್ತಿರುತ್ತದೆ. ಸಂತೆಯಲ್ಲಿ ಎದುರಾದವರು, ಬಸ್ಸಿನಲ್ಲಿ ಪಕ್ಕ ಕೂತವರು, ಶಾಲೆಯ ಗೇಟಿನ ಬಳಿ ಮಕ್ಕಳನ್ನು ಬಿಡಲು ಬಂದ ತಾಯಂದಿರು ಒಬ್ಬರನ್ನೊಬ್ಬರು ಕೇಳುತ್ತಾರೆ: 'ಹುತ್ತರಿಗೆ ರಜೆ ಸಿಕ್ಕಿತೆ?' ಯಾರಿಗೆ ರಜೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಗನಿಗೆ, ಗಂಡನಿಗೆ, ತಮ್ಮನಿಗೆ; ಈಚೆಗೆ ಕೆಲವು ಮನೆಗಳಲ್ಲಿ ಮಗಳಿಗೆ.

ನಾನು ಮೈಸೂರಿನ ಕಡೆಯ ಬಯಲು ಸೀಮೆಯವಳು. ಕೆಲಸ ಸಿಕ್ಕಿ ಕೊಡಗಿಗೆ ಬಂದದ್ದು 1993ರಲ್ಲಿ. ಅದೇ ವರ್ಷ ಮೇ 15ರಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ತೀರಿಕೊಂಡಿದ್ದರು. ಜೂನ್ ತಿಂಗಳಲ್ಲಿ ನಾನು ಕೆಲಸಕ್ಕೆ ಸೇರಿದಾಗಲೂ ಊರಿನಲ್ಲಿ ಅವರದೇ ಮಾತು. ಸಮಾಜ ವಿಜ್ಞಾನ ಕಲಿಸುವವಳಾದ್ದರಿಂದ ಸೇನಾನಿಗಳ ಹೆಸರು, ಇಸವಿಗಳು ನನಗೆ ಬಾಯಿಪಾಠ. ಆದರೆ ಇಲ್ಲಿ ಮೂವತ್ತು ವರ್ಷ ಇದ್ದು, ನೆರೆಮನೆಯವರ ಹಬ್ಬಗಳಿಗೆ ಕರೆದಾಗಲೆಲ್ಲ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಕೇಳಿಸಿಕೊಂಡ ಮೇಲೆ, ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಚರಿತ್ರೆ ಇದೆ ಎಂದು ಅನ್ನಿಸತೊಡಗಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಬ್ಬಗಳ ವಿಚಾರ. ಕೈಲು ಎಂದರೆ ಆಯುಧ. ಮಳೆಗಾಲದಲ್ಲಿ ಗದ್ದೆ ಉತ್ತು ನಾಟಿ ಮಾಡುವಷ್ಟು ದಿನ ಬಂದೂಕು, ಒಡಿಕತ್ತಿಗಳನ್ನು ಮುಟ್ಟದೆ ಒಳಗಿಡುವುದು ಹಿಂದಿನ ಪದ್ಧತಿ. ನಾಟಿ ಮುಗಿದ ಮೇಲೆ ಅವನ್ನು ಹೊರತೆಗೆದು, ತೊಳೆದು ಒರೆಸಿ, ಮನೆಯ ದೀಪದ ಮುಂದಿಟ್ಟು, ಗಂಧ ಹಚ್ಚಿ, ಹೂವಿಟ್ಟು ಪೂಜಿಸುತ್ತಾರೆ. ಆ ಹೂವಿನ ಹೆಸರೇ ತೋಕ್ ಪೂ, ಅಂದರೆ ಬಂದೂಕಿನ ಹೂ. ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಎಸಳಿನ ಆ ಹೂವನ್ನು ನಮ್ಮ ಕಡೆ ಬೇಲಿಸಾಲಿನಲ್ಲಿ ಕಂಡಿದ್ದೆ, ಅಷ್ಟೆ. ಪೂಜೆಯಾದ ಮೇಲೆ ಮನೆಯ ಹಿರಿಯರು ಕಿರಿಯರ ಕೈಗೆ ಬಂದೂಕು ಕೊಟ್ಟು ಬುದ್ಧಿ ಹೇಳುತ್ತಾರೆ. ಕಡುಬಿಟ್ಟು, ಹಂದಿ ಸಾರಿನ ಊಟವಾಗುತ್ತದೆ. ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ.

ಕಾವೇರಿ ಸಂಕ್ರಮಣ ಹೆಂಗಸರ ಹಬ್ಬ. ತಲಕಾವೇರಿಯಲ್ಲಿ ತೀರ್ಥೋದ್ಭವವಾದ ಮಾರನೆಯ ಮುಂಜಾನೆ ಮನೆಯ ಹೆಂಗಸರು ಮಿಂದು, ತಟ್ಟೆಯಲ್ಲಿ ಅಕ್ಕಿ ಹರಡಿ, ಸೌತೆಕಾಯಿಯನ್ನೋ ತೆಂಗಿನಕಾಯಿಯನ್ನೋ ಇಟ್ಟು, ಅದಕ್ಕೆ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ ಕಾವೇರಮ್ಮನೆಂದು ಪೂಜಿಸುತ್ತಾರೆ. ಕಣಿಪೂಜೆ ಎಂದು ಅದರ ಹೆಸರು. ಮನೆಯವರೆಲ್ಲ ಒಬ್ಬೊಬ್ಬರಾಗಿ ಅಕ್ಕಿ ಹಾಕಿ ಕೈ ಮುಗಿಯುತ್ತಾರೆ. ಅಂದು ಮಾಂಸ ಇಲ್ಲ. ದೋಸೆ, ಕುಂಬಳಕಾಯಿ ಪಲ್ಯ.

ಹುತ್ತರಿ ಹೊಸ ಅಕ್ಕಿಯ ಹಬ್ಬ. ಕಕ್ಕಬ್ಬೆಯ ಇಗ್ಗುತಪ್ಪ ದೇವಸ್ಥಾನದಲ್ಲಿ ಕದಿರು ತೆಗೆಯುವ ಗಳಿಗೆ ಗೊತ್ತುಮಾಡುತ್ತಾರೆ. ಸಂಜೆ ಮನೆಯವರೆಲ್ಲ ಒಂದೆಡೆ ಸೇರಿ, ಎಲೆಗಳ ಕಟ್ಟು ಕಟ್ಟಿ, ಅಕ್ಕಿ ಮತ್ತು ದೀಪವಿಟ್ಟ ತಟ್ಟೆ ಹಿಡಿದ ಹೆಣ್ಣುಮಗಳೊಂದಿಗೆ ಗದ್ದೆಗೆ ಹೋಗುತ್ತಾರೆ. ಗಾಳಿಯಲ್ಲಿ ಗುಂಡು ಹಾರಿಸಿ ಮೊದಲ ಕದಿರನ್ನು ಕೊಯ್ಯುತ್ತಾರೆ. 'ಪೊಲಿ' ಎಂದು, ಎಂದರೆ ಹೆಚ್ಚಲಿ ಎಂದು, ಕೂಗುತ್ತ ಮನೆಗೆ ತರುತ್ತಾರೆ. ಕದಿರನ್ನು ದೀಪಕ್ಕೆ, ಕಂಬಕ್ಕೆ, ಕಣಜಕ್ಕೆ ಕಟ್ಟಿ, ಹೊಸ ಅಕ್ಕಿಯ ಪಾಯಸ, ಬಾಳೆಹಣ್ಣಿನ ತಂಬಿಟ್ಟು, ಹುತ್ತರಿ ಗೆಣಸು ಉಣ್ಣುತ್ತಾರೆ. ಮಾರನೆಯ ದಿನದಿಂದ ಮಂದ್‌ಗಳಲ್ಲಿ ಕೋಲಾಟ. ಕೊಡವರಷ್ಟೇ ಅಲ್ಲ, ಅರೆಭಾಷೆ ಗೌಡರೂ ಇಲ್ಲಿನ ಇತರ ಜನಾಂಗದವರೂ ಕೈಲು ಮುಹೂರ್ತ, ಹುತ್ತರಿಗಳನ್ನು ಆಚರಿಸುತ್ತಾರೆ. ಅವರ ಮನೆಗಳಿಂದಲೂ ಮಕ್ಕಳು ಸೇನೆಗೆ ಹೋಗಿದ್ದಾರೆ.

ಒಂದು ಹಬ್ಬ ಆಯುಧದ್ದು, ಒಂದು ನೀರಿನದು, ಒಂದು ಅನ್ನದ್ದು. ಮೂರೂ ಗದ್ದೆಯ ಕೆಲಸಕ್ಕೆ ಹೊಂದಿಕೊಂಡಿವೆ. ಬಂದೂಕು ಮತ್ತು ಗದ್ದೆ ಹೀಗೆ ಒಂದೇ ಪಂಚಾಂಗದಲ್ಲಿ ಸೇರಿಕೊಂಡದ್ದಕ್ಕೆ ಕಾರಣವಿದೆ. ಹಾಲೇರಿ ರಾಜರ ಕಾಲದಲ್ಲಿ ಕೊಡಗಿನ ಒಕ್ಕಲಿಗೆ ಜಮ್ಮಾ ಭೂಮಿ ಸಿಗುತ್ತಿತ್ತು. ಅದಕ್ಕೆ ಕಂದಾಯ ಸಾಗು ಜಮೀನಿನ ಅರ್ಧದಷ್ಟು. ಉಳಿದರ್ಧದ ಬದಲಿಗೆ ರಾಜ ಕರೆದಾಗ ಆಯುಧ ಹಿಡಿದು ಹೋಗಬೇಕು. ಹಾಗಾಗಿ ಉಳುವವನೇ ಸೈನಿಕ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ದಂಗೆಯ ನಂತರ ದೇಶದಲ್ಲೆಲ್ಲ ಜನರ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಉಚ್ಚ ನ್ಯಾಯಾಲಯವೂ 2021ರಲ್ಲಿ ಅದನ್ನು ಎತ್ತಿಹಿಡಿಯಿತು.

ಬಂದೂಕು ಮನೆಯ ಸದಸ್ಯನಂತೆ ಇರುವುದರಿಂದ ಹುಟ್ಟು ಸಾವುಗಳನ್ನೂ ಅದೇ ಸಾರುತ್ತಿತ್ತು. ಗಂಡು ಕೂಸು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಎರಡು. ಬೆಟ್ಟದಾಚೆಯ ಮನೆಯವರು ಶಬ್ದ ಎಣಿಸಿ, ಸಂತೋಷಕ್ಕೆ ಹೊರಡಬೇಕೋ ದುಃಖಕ್ಕೆ ಹೊರಡಬೇಕೋ ಎಂದು ತಿಳಿಯುತ್ತಿದ್ದರು. ಹುಟ್ಟಿದ ಗಂಡು ಮಗುವಿನ ಕೈಗೆ ಹರಳು ಗಿಡದ ಕಡ್ಡಿಯಲ್ಲಿ ಮಾಡಿದ ಪುಟ್ಟ ಬಿಲ್ಲು ಬಾಣ ಮುಟ್ಟಿಸುವ ಶಾಸ್ತ್ರವೂ ಇತ್ತು. ಹೆತ್ತವಳಿಗೆ ಮೊದಲ ದಿನವೇ ಇವನು ಎಲ್ಲಿಗೆ ಹೋಗುವವನು ಎಂಬ ಸೂಚನೆ ಸಿಕ್ಕಂತೆ!

ರಾಜನ ಕಾಲದಲ್ಲಿ ಕರೆ ಬಂದರೂ ಹೋಗುತ್ತಿದ್ದದ್ದು ಇಲ್ಲೇ ಸುತ್ತಮುತ್ತ. ದೂರದ ಸಂಬಳದ ಸೈನ್ಯ ಈ ಮನೆಗಳಿಗೆ ದೊಡ್ಡದಾಗಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಶನಿವಾರಸಂತೆಯಲ್ಲಿ ಹುಟ್ಟಿ ಮಡಿಕೇರಿಯಲ್ಲಿ ಓದಿದ ಕೆ. ಎಂ. ಕಾರ್ಯಪ್ಪ 1919ರಲ್ಲಿ ಅಧಿಕಾರಿಯಾಗಿ ಸೇರಿ, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಸೇನಾ ದಿನ ಬಂದದ್ದು ಅದರಿಂದಲೇ. ಮಡಿಕೇರಿಯವರೇ ಆದ ಕೆ. ಎಸ್. ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಇವರನ್ನು ಕಂಡು ಹುಡುಗರು ಹೊರಟರು. ರೈಲೇ ಇಲ್ಲದ ಜಿಲ್ಲೆಯಿಂದ ಬಸ್ಸು ಹತ್ತಿ ಮೈಸೂರಿಗೆ, ಅಲ್ಲಿಂದ ಮೂರು ನಾಲ್ಕು ದಿನದ ರೈಲಿನಲ್ಲಿ ಪಂಜಾಬಿಗೆ, ಕಾಶ್ಮೀರಕ್ಕೆ, ಅಸ್ಸಾಮಿಗೆ. ಗದ್ದೆ, ದನ, ಅತ್ತೆ ಮಾವ, ಮಕ್ಕಳು ಮತ್ತು ಮೂರು ಹಬ್ಬ ಮನೆಯಾಕೆಯ ಪಾಲಿಗೆ ಉಳಿದವು.

ಇದನ್ನು ಅರ್ಥಮಾಡಿಕೊಳ್ಳಲು 1965ರ ಹಬ್ಬದ ಕಾಲವೊಂದನ್ನು ನೋಡಿದರೆ ಸಾಕು. ಆ ವರ್ಷ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಸೇನೆ ಛಾಂಬ್ ಕಡೆಯಿಂದ ನುಗ್ಗಿತು. ಕೊಡಗಿನಲ್ಲಿ ಅದು ಬಂದೂಕುಗಳನ್ನು ತೊಳೆದು ಒರೆಸುವ ವಾರ. ಕೈಲು ಮುಹೂರ್ತದ ಹೂ ಇನ್ನೂ ಬಾಡಿರಲಿಕ್ಕಿಲ್ಲ, ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಮಿಸ್ಟೇರ್ ವಿಮಾನದಲ್ಲಿ ಸರ್ಗೋದಾ ವಾಯುನೆಲೆಯ ಮೇಲಿನ ದಾಳಿಗೆ ಹೋದರು. ತಿರುಗಿ ಬರಲಿಲ್ಲ. ಸತ್ತರೆಂದು ಕಣ್ಣಾರೆ ಕಂಡವರು ನಮ್ಮ ಕಡೆಯಲ್ಲಿ ಯಾರೂ ಇಲ್ಲ. ಕಾಣೆಯಾದವರು ಎಂದು ದಾಖಲೆ.

ಕಾಣೆಯಾದವರು! ಈ ಒಂದು ಪದ ಮನೆಯಲ್ಲಿ ಏನು ಮಾಡುತ್ತದೆ ಎಂದು ಓದುವವರು ಸ್ವಲ್ಪ ಯೋಚಿಸಬೇಕು. ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು. ಕಾಣೆಯಾದವನಿಗೆ ಎಷ್ಟು? ಹಿರಿಯರಿಗೆ ಎಡೆ ಇಡುವಾಗ ಅವನ ಹೆಸರು ಹೇಳಬೇಕೋ ಬೇಡವೋ? ಕಣಿಪೂಜೆಯ ದಿನ ಅವನ ಹೆಂಡತಿ ತಟ್ಟೆಗೆ ಅಕ್ಕಿ ಹಾಕಿ ಏನೆಂದು ಬೇಡಿಕೊಳ್ಳಬೇಕು? ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ, ಸೇನೆಯ ನಿಯಮಗಳಲ್ಲೂ ಇಲ್ಲ.

ದೇವಯ್ಯನವರ ವಿಷಯ ತಿಳಿದದ್ದು ಹದಿನಾಲ್ಕು ವರ್ಷದ ಮೇಲೆ, ಅದೂ ಎದುರಾಳಿಯ ಕಡೆಯಿಂದ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬರೆದ ಪುಸ್ತಕ 1979ರಲ್ಲಿ ಬಂತು. ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನ ಬೆನ್ನಟ್ಟಿದಾಗ, ಮಿಸ್ಟೇರ್‌ನ ಪೈಲಟ್ ಒಬ್ಬರು ಓಡದೆ ತಿರುಗಿ ನಿಂತು ಅದನ್ನು ಹೊಡೆದುರುಳಿಸಿದ ವಿವರ ಅದರಲ್ಲಿತ್ತು. ಅವರು ದೇವಯ್ಯನವರೇ ಎಂದು ಆಮೇಲೆ ಗೊತ್ತಾಯಿತು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಕೊಟ್ಟರು. ಪತ್ನಿಯ ಕೈಗೆ ಆ ಪದಕ ಬರುವಾಗ 23 ವರ್ಷ ಕಳೆದಿತ್ತು. 23 ಕೈಲು ಮುಹೂರ್ತ, 23 ಹುತ್ತರಿ. ಇಂದು ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ನಾನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಧೈರ್ಯದ ಕತೆಯ ಜತೆಗೆ ಆ 23ನ್ನೂ ಹೇಳುತ್ತೇನೆ.

ಅದೇ ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನ ಉರುಳಿ ಅವರು ಪಾಕಿಸ್ತಾನದ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗ ಸುರಕ್ಷಿತವಾಗಿದ್ದಾನೆ ಎಂದು ಅವರು ತಿಳಿಸಿದಾಗ ತಂದೆ ಕೊಟ್ಟ ಉತ್ತರ ಎಲ್ಲರಿಗೂ ಗೊತ್ತು: ಈಗ ಅವನು ನನ್ನ ಮಗನಲ್ಲ, ದೇಶದ ಮಗ, ಸೆರೆಯಲ್ಲಿರುವ ಎಲ್ಲರನ್ನೂ ಹೇಗೆ ನೋಡುತ್ತೀರೋ ಅವನನ್ನೂ ಹಾಗೆ ನೋಡಿ ಎಂಬ ಅರ್ಥದ ಮಾತು. ಇದನ್ನು ಭಾಷಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ನನಗೆ ಅದಕ್ಕಿಂತ ಮನಸ್ಸಿಗೆ ತಾಗಿದ್ದು ಇನ್ನೊಂದು ಸಂಗತಿ. ಅಯೂಬರ ಪತ್ನಿ ಮಗನೊಂದಿಗೆ ಆಸ್ಪತ್ರೆಗೆ ಹೋಗಿ ಈ ಶತ್ರುಪಕ್ಷದ ಗಾಯಾಳುವನ್ನು ಕಂಡು, ಸಿಗರೇಟು ಮತ್ತು ವುಡ್‌ಹೌಸ್ ಬರೆದ ಕಾದಂಬರಿಯೊಂದನ್ನು ಕೊಟ್ಟು ಬಂದರಂತೆ. ಯುದ್ಧ ಗಂಡಸರ ಲೆಕ್ಕದಲ್ಲಿ ಮುಗಿಯುವ ಮೊದಲೇ ಒಬ್ಬ ಹೆಂಗಸು ರೋಗಿಯನ್ನು ನೋಡಲು ಹೋದಳು! ಕಾರ್ಯಪ್ಪನವರ ಮಗ ಬಿಡುಗಡೆಯಾಗಿ ಬಂದದ್ದು 1966ರ ಜನವರಿಯಲ್ಲಿ. ಆ ಸಲದ ಸಂಕ್ರಮಣ, ಹುತ್ತರಿ ಎರಡೂ ಸೆರೆಯಲ್ಲೇ ಕಳೆದವು.

ಮೂರನೆಯದು ಹುತ್ತರಿಯ ತಿಂಗಳಿನದು. ಜನರಲ್ ತಿಮ್ಮಯ್ಯನವರು ನಿವೃತ್ತಿಯ ನಂತರ ವಿಶ್ವಸಂಸ್ಥೆಯ ಶಾಂತಿಪಡೆಯ ದಳಪತಿಯಾಗಿ ಸೈಪ್ರಸ್ ದ್ವೀಪಕ್ಕೆ ಹೋಗಿದ್ದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಸಮಾಧಿ ಬೆಂಗಳೂರಿನಲ್ಲಿದೆ. ಅವರು ಬೆಳೆದ ಮಡಿಕೇರಿಯ 'ಸನ್ನಿಸೈಡ್' ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿಗೆ ಹೋದಾಗಲೆಲ್ಲ ನನಗೆ ನೆನಪಾಗುವವರು ಅವರ ತಾಯಿ. ಓದಿದ ಹೆಣ್ಣುಮಗಳು, ಸಮಾಜಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಪಡೆದವರು. ಅವರ ಮೂವರು ಗಂಡುಮಕ್ಕಳೂ ಸೇನೆ ಸೇರಿದರು. ಒಬ್ಬರು ಇಂಗ್ಲಿಷರ ಸೇನೆಯಿಂದ ಹೊರಟು ಸುಭಾಷರ ಆಜಾದ್ ಹಿಂದ್ ಫೌಜಿಗೆ ಹೋದರು. ತಿಮ್ಮಯ್ಯನವರು ಬರ್ಮಾದಲ್ಲಿ ಇಂಗ್ಲಿಷರ ಕಡೆಯಿಂದ ಹೋರಾಡಿದರು. ಕಿರಿಯವರು 1947-48ರ ಕಾಶ್ಮೀರದ ಕಾರ್ಯಾಚರಣೆಯ ಕಾಲದಲ್ಲಿ ಪ್ರಾಣ ಕಳೆದುಕೊಂಡರು. ಎದುರುಬದುರಾದ ಎರಡು ಸೇನೆಗಳಲ್ಲಿ ಇಬ್ಬರು ಮಕ್ಕಳು! ಅಂಥ ವರ್ಷದಲ್ಲಿ ತಾಯಿ ದೇವರ ಮುಂದೆ ನಿಂತು ಯಾರು ಗೆಲ್ಲಲಿ ಎಂದು ಕೇಳಿಕೊಳ್ಳಬೇಕು? ಚರಿತ್ರೆಯ ಪುಸ್ತಕಗಳು ಈ ಪ್ರಶ್ನೆ ಕೇಳುವುದಿಲ್ಲ.

ದೊಡ್ಡ ಹೆಸರಿನವರ ಮಾತು ಇದಾಯಿತು. ಹೆಸರಿಲ್ಲದ ಸಾವಿರಾರು ಮನೆಗಳಲ್ಲಿ ಅದೇ ವರ್ಷ ಏನಾಯಿತು ಎಂಬುದನ್ನು ನನಗೆ ಹೇಳಿದವರು ನಾನು ಮೊದಲು ಬಾಡಿಗೆಗಿದ್ದ ಮನೆಯ ಒಡತಿ. ಅವರನ್ನು ನಾನು ಅಜ್ಜಿ ಎಂದೇ ಕರೆಯುತ್ತಿದ್ದೆ. 1965ರಲ್ಲಿ ಅವರಿಗೆ ಮದುವೆಯಾಗಿ ಎರಡು ವರ್ಷ; ಗಂಡ ಪಂಜಾಬಿನ ಗಡಿಯಲ್ಲಿ. ವಿಳಾಸವೆಂದರೆ ಹೆಸರು, ನಂಬರು ಮತ್ತು 'ಕೇರಾಫ್ 56 ಎಪಿಒ'. ಎಲ್ಲಿದ್ದಾನೆ ಎಂದು ಕಾಗದ ಬರೆಯುವಂತಿಲ್ಲ, ಕೇಳುವಂತೆಯೂ ಇಲ್ಲ. ಕದನವಿರಾಮವಾದ ಮೇಲೂ ಸೈನ್ಯ ಗಡಿಯಲ್ಲೇ ಇತ್ತು. ಹುತ್ತರಿಗೆ ರಜೆ ಸಿಗಲಿಲ್ಲ.

'ಮಾವನವರಿಗೆ ಕಣ್ಣು ಮಂಜು, ಟೀಚರೇ. ಮೈದುನ ಹತ್ತು ವರ್ಷದವ. ಗದ್ದೆಯಲ್ಲಿ ಗುಂಡು ಹೊಡೆಯುವವರು ಯಾರು? ಹೊಡೆಯದೆ ಕದಿರು ಕೊಯ್ಯುವ ಹಾಗಿಲ್ಲ. ಆ ಹುಡುಗನ ಹೆಗಲ ಹಿಂದೆ ನಿಂತು, ಅವನ ಬೆರಳ ಮೇಲೆ ನನ್ನ ಬೆರಳಿಟ್ಟು ನಾನೇ ಕುದುರೆ ಎಳೆದೆ. ಶಬ್ದವಾಯಿತು. ಅತ್ತೆ ಏನೂ ಹೇಳಲಿಲ್ಲ. ತಟ್ಟೆಯ ದೀಪ ಆರದ ಹಾಗೆ ಸೆರಗು ಅಡ್ಡ ಹಿಡಿದು ನಿಂತಿದ್ದರು' ಎಂದರು.

ಆ ರಾತ್ರಿ ಅವರು ಹೊಸ ಅಕ್ಕಿಯಲ್ಲಿ ಒಂದು ಸೇರನ್ನು ಬಟ್ಟೆಯಲ್ಲಿ ಕಟ್ಟಿ ಎತ್ತಿಟ್ಟರಂತೆ. ಗಂಡ ಬಂದದ್ದು ಮುಂದಿನ ವರ್ಷ ಬೇಸಿಗೆ ಹತ್ತಿರವಾದಾಗ. ಬಂದ ದಿನ ಆ ಗಂಟು ಬಿಚ್ಚಿ ಪಾಯಸ ಮಾಡಿದರು. 'ಊರಿಗೆಲ್ಲ ಹುತ್ತರಿ ಡಿಸೆಂಬರಿನಲ್ಲಿ. ನಮ್ಮ ಮನೆಗೆ ಮಾತ್ರ ಮಾರ್ಚಿಯಲ್ಲಿ' ಎಂದು ನಕ್ಕರು. ಆಮೇಲೆ ನನಗೆ ಬೇರೆ ಮನೆಗಳಲ್ಲೂ ಇದೇ ಬಗೆಯ ಮಾತು ಕಿವಿಗೆ ಬಿತ್ತು. ಒಬ್ಬರು ತಂಬಿಟ್ಟನ್ನು ಕಟ್ಟಿ ಪಾರ್ಸೆಲ್ ಕಳಿಸಿದವರು, ಅದು ಬೂಸ್ಟು ಹಿಡಿದು ತಲಪಿದರೂ ಮಗ ಅದನ್ನೇ ಹಂಚಿ ತಿಂದದ್ದನ್ನು ಹೇಳಿದವರು. ಇನ್ನೊಬ್ಬರು ಬಂದೂಕಿನ ಹೂವೊಂದನ್ನು ಒಣಗಿಸಿ ಕಾಗದದ ಮಡಿಕೆಯಲ್ಲಿಟ್ಟವರು. ಪಂಚಾಂಗದ ದಿನ ಮೀರಿದರೂ ಹಬ್ಬವನ್ನು ಬರುವವನಿಗಾಗಿ ಕಾದಿರಿಸುವ ಈ ವಿದ್ಯೆಯನ್ನು ಹೆಂಗಸರು ಯಾರ ಬಳಿಯೂ ಕೇಳದೆ ಕಲಿತರು.

1999ರಲ್ಲಿ ಕಾರ್ಗಿಲ್ ಯುದ್ಧವಾದಾಗ ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಜುಲೈ ಕೊನೆಗೆ ಯುದ್ಧ ಮುಗಿದರೂ ಸೆಪ್ಟೆಂಬರಿನಲ್ಲಿ ಎಷ್ಟೋ ಮಂದಿ ಇನ್ನೂ ಅಲ್ಲೇ ಇದ್ದರು. ಕೈಲು ಮುಹೂರ್ತದ ಬಗ್ಗೆ ಒಂದು ಪುಟ ಬರೆಯಿರಿ ಎಂದಿದ್ದೆ. ಎಲ್ಲ ಹುಡುಗರೂ ತೆಂಗಿನಕಾಯಿಗೆ ಗುಂಡು ಹೊಡೆದದ್ದನ್ನು ಬರೆದರು. ಒಬ್ಬ ಹುಡುಗಿ ಬರೆದದ್ದು ಇಷ್ಟೇ: 'ಈ ಸಲ ಅಪ್ಪನ ಬಂದೂಕಿಗೆ ಅಮ್ಮ ಹೂವಿಟ್ಟರು. ನಾವು ಕಾಯಿ ಹೊಡೆಯಲಿಲ್ಲ.' ಕಾಗುಣಿತ ತಿದ್ದಲು ಏನೂ ಇರಲಿಲ್ಲ. ರುಜು ಹಾಕಿ ಪುಸ್ತಕ ಮುಚ್ಚಿದೆ.

ಕೊಡಗಿನ ತಾಯಂದಿರು ಅಳುವುದಿಲ್ಲ, ಅವರು ವೀರಮಾತೆಯರು ಎಂದು ಹೊರಗಿನಿಂದ ಬಂದ ಭಾಷಣಕಾರರು ಹೇಳುವುದನ್ನು ಅನೇಕ ಸಲ ಕೇಳಿದ್ದೇನೆ. ಹೊಗಳಿಕೆಯ ಮಾತೇ ಇರಬಹುದು. ಆದರೆ ಹಾಗೆ ಹೊಗಳಿದ ಮೇಲೆ ಅವರಿಗೆ ಅಳಲು ಜಾಗ ಇರುವುದಿಲ್ಲ. ಕೇಳಲೂ ಜಾಗ ಇರುವುದಿಲ್ಲ. ಪಿಂಚಣಿಯ ಕಾಗದ ಓಡಾಡಿಸಿದವರು, ಆಳು ಸಿಗದ ವರ್ಷ ತಾವೇ ಗದ್ದೆಗಿಳಿದು ನಾಟಿ ಮಾಡಿದವರು, ರಾತ್ರಿ ಕಾಡಾನೆ ಬಂದರೆ ತಗಡು ಬಡಿದು ಓಡಿಸಿದವರು ಈ ಅಳದ ತಾಯಂದಿರೇ. ಅವರು ಗದ್ದೆ ಬಿಡದೆ ಇದ್ದದ್ದರಿಂದಲೇ ಹುತ್ತರಿಗೆ ಕೊಯ್ಯಲು ಕದಿರು ಇತ್ತು. ಇಂದು ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ. ಕಾಫಿಯ ಲಾಭ ಭತ್ತದಲ್ಲಿಲ್ಲ, ಆಳುಗಳಿಲ್ಲ, ಮನೆಯಲ್ಲಿ ದುಡಿಯುವ ಕೈಗಳೂ ಇಲ್ಲ. ಹಬ್ಬದ ದಿನ ಪಕ್ಕದವರ ಗದ್ದೆಯಿಂದ ಕದಿರು ತರುವ ಮನೆಗಳನ್ನು ನಾನೇ ನೋಡುತ್ತಿದ್ದೇನೆ.

ಬದಲಾದದ್ದು ಇನ್ನೂ ಇದೆ. 1992ರಿಂದ ಸೇನೆ ವೈದ್ಯಕೀಯವಲ್ಲದ ವಿಭಾಗಗಳಿಗೂ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳತೊಡಗಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರಿಗೂ ಕಾಯಂ ನೇಮಕದ ಹಕ್ಕಿದೆ ಎಂದಿತು. 2007ರಲ್ಲಿ ಕೂಡಿಗೆಯಲ್ಲಿ ಆರಂಭವಾದ ಸೈನಿಕ ಶಾಲೆಗೆ ಈಗ ಹೆಣ್ಣುಮಕ್ಕಳೂ ಸೇರುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಧಿಕಾರಿಯಾಗಿದ್ದಾಳೆ. ಹೋದ ಹುತ್ತರಿಗೆ ಅವಳಿಗೆ ರಜೆ ಸಿಗಲಿಲ್ಲ. ಕದಿರು ಕೊಯ್ಯುವ ಹೊತ್ತಿಗೆ ಮೊಬೈಲಿನಲ್ಲಿ ಅವಳ ಮುಖ ಕಾಣುತ್ತಿತ್ತು. ಗದ್ದೆಯ ಬದುವಿನಲ್ಲಿ ಅವಳ ತಂದೆ ಮೊಬೈಲು ಹಿಡಿದು ನಿಂತಿದ್ದರು. ಕಾಯುವ ಪಾಳಿ ಈ ಸಲ ಗಂಡಸಿಗೆ ಬಂದಿತ್ತು. ಅವರು ಕಣ್ಣೊರೆಸಿಕೊಂಡರು, ಯಾರೂ ಅವರನ್ನು ವೀರಪಿತ ಎನ್ನಲಿಲ್ಲ. ಅದೇ ಒಳ್ಳೆಯದಾಯಿತು.

1965ರಲ್ಲಿ ಇಪ್ಪತ್ತರ ಹರೆಯದ ಸೊಸೆಯಂದಿರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಗಂಡಂದಿರ ಪದಕಗಳು ಗಾಜಿನ ಪೆಟ್ಟಿಗೆಯಲ್ಲಿವೆ, ಸೇವೆಯ ವಿವರ ಸೇನೆಯ ದಾಖಲೆಯಲ್ಲಿದೆ. ಇವರ ಚರಿತ್ರೆ ಟ್ರಂಕಿನ ತಳದ ಕಾಗದಗಳಲ್ಲಿ ಮತ್ತು ಇವರ ನೆನಪಿನಲ್ಲಿ ಮಾತ್ರ ಇದೆ. ಅದಕ್ಕೇ ನಾನು ಕೆಲವು ವರ್ಷಗಳಿಂದ ಮಕ್ಕಳಿಗೆ ಹಬ್ಬದ ರಜೆಯಲ್ಲಿ ಒಂದೇ ಮನೆಗೆಲಸ ಕೊಡುತ್ತೇನೆ: ಅಜ್ಜಿಯ ಹತ್ತಿರ ಕೂತು, ಅಜ್ಜ ಇಲ್ಲದ ಹುತ್ತರಿಯಲ್ಲಿ ಯಾರು ಗುಂಡು ಹೊಡೆದರು, ಯಾರು ಕದಿರು ಕೊಯ್ದರು, ಅಜ್ಜನ ಪಾಲನ್ನು ಎಲ್ಲಿಟ್ಟರು ಎಂದು ಕೇಳಿ ಬರೆದುಕೊಂಡು ಬನ್ನಿ. ಅಂಥ ಪುಸ್ತಕಗಳು ನನ್ನ ಕಪಾಟಿನಲ್ಲಿ ಎರಡು ಸಾಲು ಆಗಿವೆ. ಸೈನಿಕರನ್ನು ಕಳಿಸಿದ ಊರು ಕೊಡಗೊಂದೇ ಅಲ್ಲ. ನಿಮ್ಮ ಊರಿನಲ್ಲೂ ಅಂಥ ಒಂದು ಮನೆ ಇದ್ದರೆ, ಈ ಸಲದ ಹಬ್ಬಕ್ಕೆ ಎಲೆ ಅಡಿಕೆ ಹಿಡಿದು ಹೋಗಿ ಕೇಳಿ ಬನ್ನಿ. ಹೋಗುವಾಗ ಒಂದು ನೋಟ್ ಪುಸ್ತಕವನ್ನೂ ತೆಗೆದುಕೊಂಡು ಹೋಗಿ.